ಮಾಮಿಯ ಕೋಣೆಯ ಗಾಳಿ

ಮೊನ್ನೆ ಪೆರುಂಗುಡಿಯ ನಮ್ಮ ಅಡುಗೆಮನೆಗೆ ಹೊಸ ಎಕ್ಸಾಸ್ಟ್ ಫ್ಯಾನ್ ಹಾಕಿಸಿದೆ. ಹಾಕಲು ಬಂದವನು ಕೆಲಸ ಮುಗಿಸಿ, ಟಿಶ್ಯೂ ಪೇಪರಿನ ಚೂರೊಂದನ್ನು ಜಾಲರಿಯ ಮುಂದೆ ಹಿಡಿದ. ಅದು ಪಟಕ್ಕನೆ ಅಂಟಿಕೊಂಡಿತು. ಅವನಿಗೆ ಖುಷಿ, ನನಗೆ ಮೈಯೆಲ್ಲಾ ಉರಿ. ಪಾಪ, ಅವನದೇನೂ ತಪ್ಪಿರಲಿಲ್ಲ. ನನ್ನ ಸಿಟ್ಟೆಲ್ಲ ನಾವು ಮೊದಲಿದ್ದ ಬೆಸೆಂಟ್ ನಗರದಲ್ಲಿ ನಮ್ಮ ಎದುರು ಮನೆಯಲ್ಲಿದ್ದ ಮಾಮನ ಮೇಲೆ...

ಅವರದು ತಲೆಮಾರುಗಳ ಹಿಂದೆಯೇ ಮದರಾಸಿಗೆ ಬಂದು ನೆಲೆಸಿದ ಕನ್ನಡದ ವೈಷ್ಣವ ಮನೆತನ. ಮಾಮ ಅಣುವಿದ್ಯುತ್ ಸ್ಥಾವರವೊಂದರಲ್ಲಿ ಗಾಳಿಯಾಟದ ವ್ಯವಸ್ಥೆ ನೋಡಿಕೊಳ್ಳುವ ಎಂಜಿನಿಯರಾಗಿದ್ದು ನಿವೃತ್ತರಾಗಿದ್ದರು. ಯಾರಾದರೂ ರಿಯಾಕ್ಟರಿನ ಬಗ್ಗೆ ಕೇಳಿದರೆ ಅವರು ಚಿಮಣಿಯ ಬಗ್ಗೆ ಹೇಳುತ್ತಿದ್ದರು. ಅದರಿಂದ ಬರುವುದು ಹೊಗೆಯಲ್ಲ, ಬರೀ ಗಾಳಿ. ಒಳಗಿನ ಕೋಣೆಗಳ ಗಾಳಿಯನ್ನು ಫ್ಯಾನುಗಳು ಸದಾ ಎಳೆಯುತ್ತಾ ಅಲ್ಲಿನ ಒತ್ತಡವನ್ನು ಕಡಿಮೆ ಇಟ್ಟಿರುತ್ತವೆ. ಹಾಗಾಗಿ ಜನ ಓಡಾಡುವ ಕಡೆಯಿಂದ ಗಾಳಿ ಅಪಾಯದ ಕೋಣೆಗಳತ್ತ ಹರಿಯುತ್ತದೆಯೇ ಹೊರತು ವಾಪಸು ಬರುವುದಿಲ್ಲ. ಎಳೆದ ಗಾಳಿ ಕಣ್ಣಿಗೆ ಕಾಣದ ಧೂಳನ್ನೂ ಹಿಡಿಯುವ ಫಿಲ್ಟರುಗಳನ್ನು, ಕೆಲವೆಡೆ ಇದ್ದಿಲಿನ ಫಿಲ್ಟರನ್ನೂ ದಾಟಿ ಚಿಮಣಿ ಸೇರುತ್ತದೆ. ಅದರಲ್ಲಿ ವಿಕಿರಣ ಎಷ್ಟು ಉಳಿದಿದೆ ಎಂದು ಮೀಟರುಗಳು ಬಿಡದೆ ಅಳೆಯುತ್ತವೆ. ಅಷ್ಟೆತ್ತರದಲ್ಲಿ ಬಿಟ್ಟದ್ದು ನೆಲಕ್ಕಿಳಿಯುವ ಹೊತ್ತಿಗೆ ಕಡಲ ಗಾಳಿಯಲ್ಲಿ ಚದುರಿ ತೆಳುವಾಗಿರುತ್ತದೆ. ಕಾಫಿ ಕುಡಿಯುತ್ತಾ ಅವರು ಇದನ್ನೆಲ್ಲ ಹೇಳುವಾಗ ಕೇಳಲು ಚೆನ್ನಾಗಿಯೇ ಇರುತ್ತಿತ್ತು. ತಮ್ಮ ತಾಯಿಯ ಮಡಿಯನ್ನು ನೆನೆದು ನಗುತ್ತಲೂ ಇದ್ದರು.

ಆಮೇಲೆ ಮಾಮಿಗೆ ಕ್ಷಯ ಬಂತು. ಮೊದಲ ಕೆಲವು ವಾರ ಬೇರೆ ಇರಲಿ ಎಂದು ಡಾಕ್ಟರೇ ಹೇಳಿದ್ದರು. ಮಾಮ ಅವರಿಗೆ ಹಿಂದಿನ ಕೋಣೆ ಕೊಟ್ಟರು, ಕಿಟಕಿಗೆ ಫ್ಯಾನ್ ಕೂರಿಸಿದರು, ಅದರಿಂದ ಟೆರೇಸಿನ ಮೇಲಕ್ಕೆ ಪೈಪು ಏರಿಸಿದರು. ದಿನಾ ಬೆಳಿಗ್ಗೆ ಹೊಸ್ತಿಲ ಬಳಿ ಕಾಗದದ ಚೂರು ಹಿಡಿದು, ಅದು ಕೋಣೆಯ ಕಡೆಗೆ ವಾಲುತ್ತದೆಯೇ ಎಂದು ನೋಡುತ್ತಿದ್ದರು. ಎಂಥ ಕಾಳಜಿಯ ಗಂಡ ಎಂದು ಮಹಡಿಯವರೆಲ್ಲ ಹೊಗಳಿದ್ದೇ ಹೊಗಳಿದ್ದು. ಔಷಧಿಯ ಕೋರ್ಸ್ ಮುಗಿಯಿತು. ಕಫದಲ್ಲಿ ರೋಗವಿಲ್ಲ, ಇನ್ನು ಯಾರಿಗೂ ಅಂಟುವುದಿಲ್ಲ ಎಂದು ಡಾಕ್ಟರು ಹೇಳಿದರು. ಮಾಮ ಮಾತ್ರ ಫ್ಯಾನ್ ನಿಲ್ಲಿಸಲಿಲ್ಲ, ಮಾಮಿಯನ್ನು ಹೊರಗೆ ಬಿಡಲೂ ಇಲ್ಲ.

ಅದೇ ಸಮಯಕ್ಕೆ ಮಾಧವರಂನಲ್ಲಿದ್ದ ಮಗಳು ಬಾಣಂತನಕ್ಕೆ ಬಂದಳು. ಮಾಮಿಗೆ ಬೇಕಾಗಿದ್ದದ್ದು ಒಂದೇ, ಮೊಮ್ಮಗನನ್ನು ಎತ್ತಿಕೊಳ್ಳುವುದು. ಹೊಸ್ತಿಲ ಒಳಗೆ ಕುಳಿತು ದಿನಾ ಕೇಳುತ್ತಿದ್ದರು. ಒಂದು ದಿನ ನಾನಿದ್ದಾಗಲೇ ಮಾಮ ಹೇಳಿದರು:

"ಮಗೂ ವಾಸನೆ ನಿನ್ನ ಕಡೆಗೇ ಬರ್ತಾ ಇದೆಯಲ್ಲ, ಇನ್ನೇನು ವೇಣುಂ ನಿನಗೆ?"

ವಾಸನೆ ಬರುತ್ತಿದ್ದದ್ದು ನಿಜ. ಮಗುವಿಗೆ ನೀರು ಹಾಕಿ, ಸಾಂಬ್ರಾಣಿ ಹೊಗೆಯಲ್ಲಿ ತಲೆ ಆರಿಸುತ್ತಿದ್ದರು. ಮಾಮನ ಫ್ಯಾನ್ ಆ ಹೊಗೆಯನ್ನೆಲ್ಲ ಎಳೆದು ಮಾಮಿಯ ಕೋಣೆಗೆ ತುಂಬುತ್ತಿತ್ತು. ಮಾಮಿ ಕೆಮ್ಮುತ್ತಿದ್ದರು. ಕೆಮ್ಮು ಕೇಳಿದ ಕೂಡಲೇ ಮಾಮ ಮಗಳ ಕಡೆ ತಿರುಗಿ, ನೋಡಿದೆಯಾ, ಇನ್ನೂ ಹೋಗಿಲ್ಲ ಎನ್ನುತ್ತಿದ್ದರು. ಹೊಗೆಯಿಂದ ಕೆಮ್ಮು ಬರುತ್ತಿದೆ ಮಾಮಾ ಎಂದೆ. ಸ್ಥಾವರದಲ್ಲಿ ಮೀಟರನ್ನು ನಂಬಿದವರು ಕಫದ ಪರೀಕ್ಷೆಯನ್ನು ಯಾಕೆ ನಂಬಬಾರದು ಎಂದೂ ಕೇಳಿದೆ.

"ಯಾವ ಮೀಟರೂ ಸೊನ್ನೆ ತೋರ್ಸಲ್ಲಮ್ಮಾ. ಅವಳ ರೂಮ್ ಗಾಳಿ ಹಾಲ್‌ಗೆ ಬರಕೂಡದು, ಅವ್ಳೋದಾನ್, ಅಷ್ಟೇ," ಎಂದು ಮಾತು ಮುಗಿಸಿದರು. ಮಗಳು ಮಗುವನ್ನು ಎತ್ತಿಕೊಂಡು ತನ್ನ ಕೋಣೆಗೆ ಹೋದಳು.

ನಾನು ಮಾಮಿಯ ಕೋಣೆಗೆ ಹೋಗುವುದಕ್ಕೆ ಮಾತ್ರ ಅವರ ಅಡ್ಡಿಯಿರಲಿಲ್ಲ. ಎದುರು ಮನೆಯವಳ ಶ್ವಾಸಕೋಶದ ಚಿಂತೆ ಅವರಿಗೇಕೆ? ಮಗುವನ್ನು ಎತ್ತಿ ಆಡಿಸಿ ಒಳಗೆ ಹೋದರೆ ಮಾಮಿ ನನ್ನ ಸೆರಗನ್ನು ಎಳೆದುಕೊಂಡು ಮೂಗಿಗೆ ಒತ್ತಿಕೊಳ್ಳುತ್ತಿದ್ದರು. ನನಗೆ ಎತ್ತ ನೋಡಬೇಕೋ ತಿಳಿಯುತ್ತಿರಲಿಲ್ಲ...

ಬಾಣಂತನ ಮುಗಿದ ಮೇಲೂ ಮಗಳು ಆಗಾಗ ಬಂದುಹೋಗುತ್ತಿದ್ದಳು. ಹುಡುಗ ಮಾತು ಕಲಿತ, ಎಲ್ಲ ತಮಿಳಿನಲ್ಲೇ. ಒಂದು ಮಧ್ಯಾಹ್ನ ಕರೆಂಟು ಹೋಗಿ ಫ್ಯಾನ್ ನಿಂತಿತು. ಹಾಗಾದಾಗಲೆಲ್ಲ ಮಾಮ ಬಾಗಿಲು ಹಾಕಿ, ಸಂದಿಗೆ ಒದ್ದೆ ಬಟ್ಟೆ ತುರುಕುತ್ತಿದ್ದರು. ಅಂದು ಅವರು ಕುರ್ಚಿಯಿಂದ ಏಳುವ ಮೊದಲೇ ಮಾಮಿ ಹಾಲಿಗೆ ಬಂದುಬಿಟ್ಟರು. ಬಂದವರೇ ಹುಡುಗನ ಕಡೆಗೆ ಎರಡೂ ಕೈ ಚಾಚಿದರು.

ಹುಡುಗ ಎದ್ದು ನಿಂತ. ಅಜ್ಜಿಯನ್ನು ಅಲ್ಲೇ ತಡೆಯುವಂತೆ ಅಂಗೈ ಮುಂದೆ ಹಿಡಿದ.

"ಪಾಟ್ಟಿ, ಅಂಗೇಯೇ ನಿಲ್ಲು."

ಮಾಮ ನಕ್ಕರು. ಜಾಣ ಎಂದು ಅವನನ್ನು ಎತ್ತಿ ಮುದ್ದಾಡಿದರು. ಮಾಮಿ ಚಾಚಿದ ಕೈಗಳನ್ನು ಏನು ಮಾಡಬೇಕೆಂದು ತಿಳಿಯದೆ ಸೀರೆ ಸರಿಮಾಡಿಕೊಂಡರು. ಆಮೇಲೆ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡು, ಒದ್ದೆ ಬಟ್ಟೆಯನ್ನು ತಾವೇ ಒಳಗಿನಿಂದ ಸಂದಿಗೆ ತುರುಕಿದರು. ಮತ್ತೆ ಯಾವತ್ತೂ ಕೇಳಲಿಲ್ಲ.

ಮಾಮಿ ಈಗಿಲ್ಲ. ಹೋದದ್ದು ಹೃದಯಾಘಾತದಿಂದ, ಶ್ವಾಸಕೋಶಕ್ಕೂ ಅದಕ್ಕೂ ಸಂಬಂಧವಿರಲಿಲ್ಲ. ಮಾಮ ಮಾಧವರಂನಲ್ಲಿ ಮಗಳ ಜೊತೆಗಿದ್ದಾರೆ, ಆರೋಗ್ಯವಾಗಿದ್ದಾರಂತೆ. ವಯಸ್ಸಾದವರು, ಅವರ ಮೇಲೆ ಕನಿಕರ ಬರಲಿ ಎಂದು ಕಾದೆ, ಬರಲಿಲ್ಲ. ಮಾಮಿ ಇಲ್ಲವೆಂಬ ನೋವು ಮಾತ್ರ ಹಾಗೇ ಇದೆ. ಆ ಹುಡುಗನಿಗೂ ನನಗೂ ರಕ್ತಸಂಬಂಧವೇನಿಲ್ಲ. ನಾನು ಅವನನ್ನು ಎಷ್ಟೋ ಸಲ ಎತ್ತಿಕೊಂಡಿದ್ದೇನೆ. ಮಾಮಿ ಒಂದು ಸಲವೂ ಇಲ್ಲ.