ದುಬೈಗೆ ನಾಲ್ಕು ತಾಸು, ಫೋನಿಗೆ ಯಾಕೆ ಒಂದು ದಿನ?

ಆನವಟ್ಟಿ ಬಸ್ ನಿಲ್ದಾಣದ ಎದುರು ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಹೊಸಬಾಳೆಯ ಸುರೇಂದ್ರ ಕಾರಿನ ಗಾಜು ಒರೆಸಿ, ಪ್ರಯಾಣಿಕನ ಸೂಟ್‌ಕೇಸ್ ಮುಟ್ಟುವ ಮೊದಲೇ ಕೈ ಚಾಚುತ್ತಾರೆ. "ಟಿಕೆಟ್ ತೋರ್ಸಿ."

ಬಾಡಿಗೆ ಡ್ರೈವರಿಗೆ ವಿಮಾನದ ಟಿಕೆಟ್ ಯಾಕೆ ಎಂದು ಆತ ಗೊಣಗುತ್ತಾನೆ. ಸುರೇಂದ್ರ ಜಗ್ಗುವುದಿಲ್ಲ. ಮೇಲಿಂದ ಕೆಳಗಿನವರೆಗೆ ಓದಿದ ಮೇಲೆಯೇ ಕಾರು ಹೊರಡುವುದು.

ಮೊದಲು ಟ್ರ್ಯಾಕ್ಟರ್ ಓಡಿಸುತ್ತಿದ್ದವರು. ಈಗ ಸೊರಬ, ಶಿಕಾರಿಪುರದ ಹಳ್ಳಿಗಳಿಂದ ಕೊಲ್ಲಿ ದೇಶಗಳಿಗೆ ದುಡಿಯಲು ಹೋಗುವವರನ್ನು ಬೆಂಗಳೂರಿನ ವಿಮಾನ ನಿಲ್ದಾಣಕ್ಕೆ ಮುಟ್ಟಿಸುತ್ತಾರೆ. ಈ ದಾರಿಯೇ ಏಳು ತಾಸು. ಅಲ್ಲಿಂದ ದುಬೈಗೆ ಎರಡು ಸಾವಿರದ ಏಳುನೂರು ಕಿಲೋಮೀಟರ್, ನಾಲ್ಕೇ ತಾಸು. ಕೂತು ಕೂತು ಇವರ ಸೊಂಟ ಹಿಡಿದುಹೋಗಿದೆ.

ಟಿಕೆಟ್ ಕೇಳುವ ಅಭ್ಯಾಸ ಶುರುವಾಗಿದ್ದು ಕಳೆದ ಮಳೆಗಾಲದಲ್ಲಿ. ಕುಪ್ಪಗಡ್ಡೆಯ ಸ್ಪಂದನ ದುಬೈಯಲ್ಲಿ ಮುದುಕಿಯೊಬ್ಬರನ್ನು ನೋಡಿಕೊಳ್ಳುವ ಕೆಲಸಕ್ಕೆ ಹೊರಟಿದ್ದಳು. ಜೊತೆಗೆ ತಾಯಿ ಗುಡ್ಡಮ್ಮ. ದೂರ ಹೋದವರು ಮುಟ್ಟಿದೆವೆಂದು ಫೋನ್ ಮಾಡುವ ತನಕ ಇಲ್ಲಿನ ಮನೆಗಳಲ್ಲಿ ಕಸ ಹೊಡೆಯುವುದಿಲ್ಲ. ನಾಳೆ ಸಂಜೆ ತನಕ ಪೊರಕೆ ಮುಟ್ಟಬೇಡ ಎಂದು ನಾದಿನಿಗೆ ಹೇಳಿಬಂದಿದ್ದೇನೆ ಎಂದು ಗುಡ್ಡಮ್ಮ ದಾರಿಯಲ್ಲಿ ಅಂದರು.

ಸುರೇಂದ್ರರಿಗೆ ಅಲ್ಲೇ ಅನುಮಾನ ಹತ್ತಿತು. "ನಾಳೆ ಸಂಜೆ ಯಾಕಕ್ಕ? ಇವತ್ತು ಐದಕ್ಕೆ ಹತ್ತಿದ್ರೆ ನೀವು ಉಂಡು ಮಲಗೋದ್ರೊಳಗೆ ಇಳಿದಿರ್ತಾಳೆ."

ಮುಟ್ಟಿದ ಫೋನ್ ನಾಳೆ ಸಂಜೆಯೇ ಬರುವುದು ಎಂದು ಕೆಲಸ ಕೊಡಿಸಿದ ಏಜೆಂಟ್ ಹೇಳಿದ್ದನಂತೆ. ಟಿಕೆಟ್ಟೂ ಅವನ ಹತ್ತಿರವೇ ಇತ್ತು, ವಿಮಾನ ನಿಲ್ದಾಣದ ಬಾಗಿಲಲ್ಲಿ ಕೊಡುತ್ತಾನಂತೆ. ಸುರೇಂದ್ರ ಶಿಕಾರಿಪುರದಲ್ಲಿ ಕಾರು ನಿಲ್ಲಿಸಿ ಫೋನ್ ಮಾಡಿಸಿದರು. ವಿಮಾನ ಈಗ ಸುತ್ತು ಹಾಕಿಕೊಂಡು ಹೋಗುತ್ತದೆ ಎಂದ ಏಜೆಂಟ್.

"ನಮ್ಮ ಸೊರಬದ ಬಸ್ಸೂ ಅಷ್ಟು ಸುತ್ತಲ್ಲ ಮಾರಾಯ. ಟಿಕೆಟ್ ಕಳಿಸು," ಎಂದರು ಸುರೇಂದ್ರ.

ಫೋಟೊ ಬಂತು. ಮೇಲೆ ಬೆಂಗಳೂರಿನಿಂದ ದುಬೈ. ದುಬೈಯಿಂದ ಮುಂದೆ ಇನ್ನೊಂದು ವಿಮಾನವಿದ್ದರೆ ಅದನ್ನು ಬರೆಯುವ ಕೆಳಗಿನ ಅರ್ಧವನ್ನು ಕತ್ತರಿಸಲಾಗಿತ್ತು. ಅದನ್ನೂ ಕೇಳಿದರು. ಏಜೆಂಟನ ಫೋನ್ ಸ್ವಿಚ್ ಆಫ್ ಆಯಿತು.

ಊರಿಗೆ ವಾಪಸ್ ಹೋಗೋಣ ಎಂದರು ಸುರೇಂದ್ರ. ಸ್ಪಂದನ ಸಿಟ್ಟಿಗೆದ್ದಳು. "ನನ್ನ ಜೀವನ ನಿಮ್ಮ ಕಾರಲ್ಲ ಅಣ್ಣ, ಬೇಕಾದಂಗೆ ತಿರುಗ್ಸೋಕೆ."

ಸುರೇಂದ್ರ ಆ ಅರ್ಧ ಟಿಕೆಟ್ಟಿನ ಫೋಟೊವನ್ನು ಗುಡ್ಡಮ್ಮನಿಗೆ ತೋರಿಸಿದರು. ಕೊನೆಗೆ ಗುಡ್ಡಮ್ಮನೇ, "ತಿರುಗ್ಸು ತಮ್ಮಾ" ಎಂದರು.

ದುಬೈಯಿಂದ ಮುಂದೆ ಅವಳನ್ನು ಎಲ್ಲಿಗೆ ಒಯ್ಯುತ್ತಿದ್ದರು? ಯಾರೂ ಕೇಳಲಿಲ್ಲ, ಯಾರೂ ಹೇಳಲಿಲ್ಲ. ಏಜೆಂಟನ ಬೋರ್ಡು ಇನ್ನೂ ಪೇಟೆಯಲ್ಲಿ ನೇತಾಡುತ್ತಿದೆ, ನಾವೆಲ್ಲ ಅದರ ಕೆಳಗೇ ನಿಂತು ಚಾ ಕುಡಿಯುತ್ತೇವೆ. ಹೊಟ್ಟೆಕಿಚ್ಚಿನ ಡ್ರೈವರು ಎಂಬ ಹೆಸರು ಬಂದದ್ದು ಸುರೇಂದ್ರರಿಗೆ. ಕೆಲವರು ಇವರ ಕಾರು ಕರೆಯುವುದನ್ನೇ ಬಿಟ್ಟಿದ್ದಾರೆ.

ಸ್ಪಂದನ ಇಂದಿಗೂ ಇವರ ಜೊತೆ ಮಾತಾಡುವುದಿಲ್ಲ. ಆನವಟ್ಟಿ ಸಂತೆಯಲ್ಲಿ ಎದುರಾದರೆ ಮುಖ ತಿರುಗಿಸುತ್ತಾಳೆ.

"ನನ್ನ ಅನುಮಾನವೇ ಸುಳ್ಳಿರ್ಬೋದು ಕಣ್ರೀ," ಎನ್ನುತ್ತಾರೆ ಸುರೇಂದ್ರ. "ಇರ್ಲಿ. ಮುಖ ತಿರುಗಿಸ್ಕೊಂಡು ಹೋಗೋಕಾದ್ರೂ ಇಲ್ಲೇ ಇದಾಳಲ್ಲ."