ಶುದ್ಧವೆಂದು ಬರೆದ ನೀರು

ಕಾಕಾರ ಕೈಬೆರಳುಗಳ ಸಂದಿ ಯಾವಾಗಲೂ ಬಿಳಿಚಿಕೊಂಡು ಸುಲಿದಿರುತ್ತಿತ್ತು. ಊರಹೊರಗಿನ ಕೆರೆಯ ನೀರನ್ನು ಮರಳಿನಲ್ಲಿ ಸೋಸಿ ನಳಕ್ಕೆ ಬಿಡುವಲ್ಲಿ ಅವರಿಗೆ ಕೆಲಸ. ದಿನವಿಡೀ ಆ ಮರಳು ತೊಳೆಯಬೇಕು, ನೀರಿಗೆ ಬ್ಲೀಚಿಂಗ್ ಪುಡಿ ಕಲಸಬೇಕು. ಹುಬ್ಬಳ್ಳಿಯ ನಮ್ಮ ಓಣಿಯಲ್ಲಿ ಅವರದು ಪಕ್ಕದ ಮನೆ. ನಾನು ಸೊಸೆಯಾಗಿ ಬಂದ ಹೊಸದರಲ್ಲೇ ಹೇಳಿದ್ದರು: "ಬೇಟಿ, ನಳದ ನೀರು ಕುದಿಸೇ ಕುಡೀರಿ. ತಿಳಿ ಕಾಣೋದೆಲ್ಲಾ ಛಲೋ ನೀರಲ್ಲ."

ತಾನು ಸೋಸಿದ ನೀರನ್ನು ತಾನೇ ನಂಬದ ಮನುಷ್ಯನೆಂದು ಓಣಿಯವರು ನಗುತ್ತಿದ್ದರು. ಯುದ್ಧದ ಕಾಲ. ಹೊಸ ಮರಳು ಬರುತ್ತಿರಲಿಲ್ಲ, ಪುಡಿ ಹಳತಾಗಿ ಸತ್ವ ಕಳೆದುಕೊಂಡಿತ್ತು.

ಒಮ್ಮೆ ಮುಂಬಯಿಯಿಂದ ಇಂಗ್ರೇಜಿ ಸಾಹೇಬನೊಬ್ಬ ತಪಾಸಣೆಗೆ ಬಂದ. ಮೇಲಿನವರು ಬಾವಿಯ ನೀರು ತರಿಸಿ, ನಳದ್ದೆಂದು ತೋರಿಸಲು ಬಾಟಲಿಗಳಲ್ಲಿ ತುಂಬಿಟ್ಟಿದ್ದರು. ಕಾಕಾ ಮುಂದೆ ಹೋಗಿ, "ಸಾಹೇಬ್ರ, ಇದು ಬಾವಿ ನೀರ್ರಿ. ನಳದ್ದು ನೋಡ್ರಿ" ಎಂದರಂತೆ. ಸಾಹೇಬನಿಗೆ ಕನ್ನಡ ಬಾರದು. ಜೊತೆಗಿದ್ದ ಇಲ್ಲಿನ ಅಧಿಕಾರಿ ಇಂಗ್ಲಿಷಿನಲ್ಲಿ ಏನೋ ಹೇಳಿದ. ಸಾಹೇಬ ನಕ್ಕು, ಕಾಕಾರ ಬೆನ್ನು ತಟ್ಟಿ, ನೀರು ಶುದ್ಧವಾಗಿದೆ ಎಂದು ಬರೆದು ಹೋದ. ಮರುದಿನ ಕಾಕಾರ ಕೆಲಸ ಹೋಯಿತು.

"ನನ್ನ ಮಾತಿಗೆ ಅವ ಏನು ಅರ್ಥ ಹೇಳಿದ್ನೋ, ಆ ಅಲ್ಲಾಗೇ ಗೊತ್ತು ಬೇಟಿ" ಎಂದರು.

ಆ ಬೇಸಿಗೆ ಕಾಲರಾ ಬಂತು. ಕಾಕಾ ಮನೆಮನೆಗೆ ಹೋಗಿ, ನೀರು ಕುದಿಸಿರೆಂದು ಬೇಡಿಕೊಂಡರು. ನನ್ನ ಅತ್ತೆ ಒಪ್ಪಲಿಲ್ಲ. "ಅಡಗಿಗೇ ಕಟ್ಟಿಗಿ ಇಲ್ಲ. ಸರ್ಕಾರದವರೇ ಛಲೋ ಅದ ಅಂತ ಬರದಾರಲ್ಲ?" ಎಂದರು. ನನ್ನ ನಾದಿನಿಗೆ ಮದುವೆ ಗೊತ್ತಾಗಿತ್ತು. ಒಂದೇ ಹಗಲಿನಲ್ಲಿ ಹೋದಳು.

ಮಾರನೆಯ ದಿನ ಕಾಕಾ ಮಾತಾಡಿಸಲು ಬಂದರು. ಎಂದೂ ಅವರನ್ನು ಕಟ್ಟೆ ದಾಟಿಸದ ಅತ್ತೆ ಅಂದು ಒಳಗೆ ಕರೆದರು. "ನನ್ನ ಕೂಸು ಹೋತ್ರಿ ಭಾಯಿ" ಎಂದು ಅತ್ತರು. ಆಮೇಲೆ, ಏನು ತಿಳಿಯಿತೋ, ತಾವೇ ಎದ್ದು ತಂಬಿಗೆಯಲ್ಲಿ ನಳದ ನೀರು ತಂದು ಮುಂದೆ ಹಿಡಿದರು. ಸಾವಿನ ಮನೆ, ಒಲೆ ಹಚ್ಚಿರಲಿಲ್ಲ. ಕಾಕಾ ತಣ್ಣಗಿನ ಒಲೆಯ ಕಡೆ ನೋಡಿದರು, ಅತ್ತೆಯ ಮುಖ ನೋಡಿದರು.

"ಕೊಡ್ರಿ ಬಾಯಾರ" ಎಂದು ಪೂರಾ ಕುಡಿದರು.

ಬೇಡವೆಂದು ನಾನು ಹೇಳಬಹುದಿತ್ತು. ಬಾಗಿಲಲ್ಲೇ ನಿಂತಿದ್ದೆ. ಮೂರನೆಯ ದಿನ ಕಾಕಾ ತೀರಿಕೊಂಡರು.

"ಜನ್ಮದಾಗ ಒಂದು ಪುಣ್ಯ ಮಾಡೇನಿ. ಅವರಿಗೆ ನನ್ನ ಕೈಯಾರೆ ನೀರು ಕೊಟ್ಟೇನಿ" ಎಂದು ಅತ್ತೆ ಕಡೆಯತನಕ ಹೇಳುತ್ತಿದ್ದರು. ನಾನು ಹೂಂ ಎನ್ನುತ್ತಿದ್ದೆ.