ಭಾನುವಾರ ತೆರೆಯಬೇಕಿದ್ದ ಚಾಪೆಯಂಗಡಿ

ಟೋಂಗಾ ದೇಶದ ವವಾಉ ದ್ವೀಪದ ಮೆಲೆನಾಯ್ತೆಗೆ ಕೆಲಸ ಸಿಕ್ಕಿಬಿಟ್ಟರೆ ಊಟದ ಮೇಲೂ ಗ್ಯಾನವಿರುವುದಿಲ್ಲ. ಊರಿನ ಹೆಂಗಸರು ನೇಯ್ದ ಚಾಪೆಗಳಿಗೆ ವೆಬ್‌ಸೈಟ್ ಕಟ್ಟಲು ಕೂತವಳಿಗೆ ಸೈಟಿಗೆ ಜೋಡಿಸುವ ಒಂದು ಪ್ಲಗಿನ್ ಸಿಕ್ಕಿತ್ತು ನೋಡಿ, ಅಬ್ಬಬ್ಬಾ! ಒಂದು ಸಲ ಒತ್ತಿದ್ದಕ್ಕೇ ಅಷ್ಟೂ ಫೋಟೋಗಳು ಒಂದೇ ಅಳತೆಗೆ ಬಂದು, ನೇಯ್ದವರ ಹೆಸರಿನ ಸಮೇತ ಸಾಲಾಗಿ ಕೂತವು. ಅವಳು ಕುರ್ಚಿಯಲ್ಲೇ ಕುಣಿದಳು.

ಆಕ್ಲೆಂಡ್‌ಗೆ ಹೋಗಿ ನೆಲೆಸಿದ ಊರಿನವರು ಭಾನುವಾರ ಪ್ರಾರ್ಥನೆ ಮುಗಿಸಿ, ಹಾಲ್‌ನ ದೊಡ್ಡ ಪರದೆಯ ಮೇಲೆ ಒಟ್ಟಿಗೆ ಅಂಗಡಿ ನೋಡಿ ಕೊಳ್ಳುವವರಿದ್ದರು. ಮೊದಲೇ ತೆರೆದರೆ ಮುಂಚೆ ನೋಡಿದವರು ಒಳ್ಳೆಯದನ್ನೆಲ್ಲ ಬಾಚಿಕೊಂಡರೆಂದು ನೆಂಟರಲ್ಲೇ ಜಗಳ. ಆದರೆ ಟೋಂಗಾದಲ್ಲಿ ಭಾನುವಾರ ಕೆಲಸಕ್ಕೆ ಕೈ ಹಚ್ಚುವಂತಿಲ್ಲ. ಅದಕ್ಕೇ ಅವಳು ಶನಿವಾರವೇ, ಚರ್ಚಿನ ಗಂಟೆಯ ಹೊತ್ತಿಗೆ ಸೈಟ್ ತಾನಾಗಿ ತೆರೆದುಕೊಳ್ಳುವಂತೆ ಗೊತ್ತುಮಾಡಿಟ್ಟಳು.

ಸೋದರತ್ತೆ ಲವೀನಿಯಾ ಕೆರಳಿದರು. ಅವರ ಮಾತಿಗೆ ಅಪ್ಪನೂ ಎದುರಾಡುವುದಿಲ್ಲ.

"ನೀನು ಚರ್ಚಲ್ಲಿ ಕೂತ್ಕೊಂಡು ಮಿಷಿನ್ ಕೈಲಿ ಮಾಡ್ಸಿದ್ರೆ ಅದು ಕೆಲ್ಸ ಅಲ್ವೇನೇ?"

"ಅತ್ತೆ, ನೀವು ಗೆಡ್ಡೆ, ಮಾಂಸ ಎಲ್ಲ ನೆಲದೊಲೇಲಿ ಮುಚ್ಚಿಟ್ಟು ತಾನೆ ಪ್ರಾರ್ಥನೆಗೆ ಹೋಗೋದು? ಅದು ತಾನಾಗೇ ಬೇಯಲ್ವಾ?"

ಅತ್ತೆ ಮೂತಿ ತಿರುವಿದರು. "ಬಾಯಿ ಜಾಸ್ತಿ ನಿಂಗೆ. ಆಯ್ತು, ಆದ್ರೆ ನಾಳೆ ಇಡೀ ದಿನ ಫೋನ್ ಮುಟ್ಟಕೂಡ್ದು. ಮಾತು ಕೊಡು."

ಕೊಟ್ಟಳು.

ಮರುದಿನ ಉಪದೇಶ ಶುರುವಾದಾಗ ಥಟ್ಟನೆ ಅವಳಿಗೊಂದು ವಿಷಯ ಹೊಳೆಯಿತು. ಆ ಸೈಟಿನ ಗಡಿಯಾರ ತಾನಾಗಿ ಏಳುವಂಥದ್ದಲ್ಲ. ಗೊತ್ತುಮಾಡಿದ ಹೊತ್ತು ಕಳೆದ ಮೇಲೆ ಯಾರಾದರೂ ಬಂದು ಸೈಟ್ ತೆಗೆದರೇ ಅದಕ್ಕೆ ಎಚ್ಚರ. ಮೊದಲು ತೆಗೆದವರಿಗೆ 'ಇನ್ನೂ ತೆರೆದಿಲ್ಲ' ಎಂಬ ಪುಟವೇ ಕಾಣುತ್ತದೆ; ಆಮೇಲೆ ತೆಗೆದವರಿಗಷ್ಟೇ ಅಂಗಡಿ. ಈ ಊರಲ್ಲಿ ಭಾನುವಾರ ಫೋನ್ ಮುಟ್ಟುವವರು ಯಾರು? ಆಕ್ಲೆಂಡ್‌ನವರು ಪರದೆಯ ಮೇಲೆ ಅದನ್ನೇ ನೋಡಿ, ನಕ್ಕು, ಊಟಕ್ಕೆ ಎದ್ದುಹೋಗುತ್ತಾರೆ. ಹೆಂಗಸರ ವರ್ಷದ ದುಡಿಮೆ ಮಣ್ಣುಪಾಲು! ಅತ್ತೆಗೆ ಮಾತು ಕೊಟ್ಟಾಗಿದೆ, ತಾನೂ ಫೋನ್ ಮುಟ್ಟುವಂತಿಲ್ಲ.

ಚರ್ಚು ಬಿಟ್ಟದ್ದೇ ಅತ್ತೆ ಮುಖ ಗಂಟಿಕ್ಕಿಕೊಂಡು ಬಂದರು. "ನನ್ನ ಚಾಪೆ ಯಾಕೆ ಎಲ್ಲಾರ್ಗಿಂತ ಕೆಳಗೆ ಹಾಕಿದೀಯ?"

ಮೆಲೆನಾಯ್ತೆ ಕಣ್ಣು ಕಣ್ಣು ಬಿಟ್ಟಳು. ಆ ಪುಟವನ್ನು ಅವಳು ಯಾರಿಗೂ ತೋರಿಸಿರಲಿಲ್ಲ. "ನೀವ್ಯಾವಾಗ ನೋಡಿದ್ರಿ?"

"ನಿನ್ನ ಮಿಷಿನ್ ಏನು ಮಾಡ್ತಿದೆ ಅಂತ ನೋಡ್ಬೇಡ್ವಾ? ಉಪದೇಶದ ಮಧ್ಯೆ ಫೋನಲ್ಲಿ ತೆಗ್ದೆ. ಇನ್ನೂ ತೆರೆದಿಲ್ಲ ಅಂತು. ಇನ್ನೊಂದ್ಸಲ ತೆಗ್ದೆ, ಎಲ್ಲಾ ಬಂತು."

ಮೆಲೆನಾಯ್ತೆ ಅತ್ತೆಯನ್ನು ತಬ್ಬಿ ಅಂಗಳದಲ್ಲೇ ಗರಗರ ತಿರುಗಿಸಿದಳು.

"ಬಿಡೇ ಹುಚ್ಚಿ, ಪಾದ್ರಿಗಳು ನೋಡ್ತಿದಾರೆ."

"ನೋಡ್ಲಿ ಅತ್ತೆ. ಇವತ್ತು ಇಡೀ ಊರಲ್ಲಿ ಕೆಲ್ಸ ಮಾಡಿದ್ದು ನೀವೊಬ್ರೇ."